ಗಾಜಿನ ಮೇಲೆ ಬೆರಳು: ಮೌಸ್ ಹಿಡಿಯದ ಊರುಗಳ ಕಂಪ್ಯೂಟರ್ ಕಲಿಕೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)

ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಕವಿಗಳು, ಶರಣರು, ಶಾಸನಗಳ ಮಾತು. ಇಂದಿನ ವಿಷಯ ಬೆರಳು. ಗಾಜಿನ ಪರದೆಯನ್ನು ತಟ್ಟಿ, ಸವರಿ, ಹಿಗ್ಗಿಸಿ ಕಂಪ್ಯೂಟರ್ ನಡೆಸುವ ವಿದ್ಯೆ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಿಗೆ ಹೇಗೆ ಬಂತು, ಅದರಲ್ಲಿ ಎಷ್ಟು ಕೈಗೆ ಹತ್ತಿದೆ, ಎಷ್ಟು ಇನ್ನೂ ಹತ್ತಬೇಕಾಗಿದೆ ಎಂಬುದರ ವಿಚಾರ.

ಮೌಸ್‌ಗಿಂತ ಮೊದಲು ಬಂದ ಪರದೆ

2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ ದೇಶದ ಹಳ್ಳಿಮನೆಗಳ ಪೈಕಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ ಮಾತ್ರ. ಪಟ್ಟಣಗಳಲ್ಲಿ ಶೇ 23.4. ಅಂದರೆ ನೂರು ಹಳ್ಳಿಮನೆಗಳಲ್ಲಿ ತೊಂಬತ್ತೈದಕ್ಕೆ ಕೀಲಿಮಣೆಯಾಗಲಿ ಮೌಸ್ ಆಗಲಿ ಬಂದೇ ಇರಲಿಲ್ಲ. ನಗರದ ಒಂದು ತಲೆಮಾರು ಮೌಸ್ ಹಿಡಿದು ಬಾಣದ ಗುರುತನ್ನು ಅಲ್ಲಿಂದಿಲ್ಲಿಗೆ ಒಯ್ಯುವುದನ್ನು ಮೊದಲು ಕಲಿತು, ಹತ್ತು ಹದಿನೈದು ವರ್ಷಗಳ ಮೇಲೆ ಟಚ್ ಸ್ಕ್ರೀನ್ ಮುಟ್ಟಿತು. ಜೊಯಿಡಾದ ಕಾಡಂಚಿನ ಮನೆಗಳಲ್ಲಿ, ಮುಂಡಗೋಡದ ಭತ್ತ-ಗೋವಿನಜೋಳದ ಹಳ್ಳಿಗಳಲ್ಲಿ, ಹಳಿಯಾಳದ ಕಬ್ಬಿನ ಸೀಮೆಯಲ್ಲಿ ಆದದ್ದು ಬೇರೆ. ಅಲ್ಲಿ ಬಹಳ ಮಂದಿ ಮುಟ್ಟಿದ ಮೊದಲ ಕಂಪ್ಯೂಟರೇ ಅಂಗೈಯಗಲದ ಮೊಬೈಲ್.

ಬೇಕೆಂದು ಕಲಿತವರಿಗಿಂತ ಕೆಲಸದ ಒತ್ತಡಕ್ಕೆ ಕಲಿತವರೇ ಹೆಚ್ಚು. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಿತು. ತಮ್ಮ ಹೊಲದಲ್ಲಿ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆಯ ಫೋಟೊ ತೆಗೆದು ಅವರೇ ಕಳಿಸಬೇಕು. 2021ರ ಮಾರ್ಚ್‌ನಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್ ಅಂಗನವಾಡಿಯ ದಪ್ಪ ರಿಜಿಸ್ಟರ್‌ಗಳನ್ನು ಪರದೆಯೊಳಗೆ ಸೇರಿಸಿತು. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಆ್ಯಪ್ ಮೂಲಕ, ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ಆ ಹೊಣೆ ಬಿದ್ದದ್ದು ಕೂಲಿಕಾರರ ಗುಂಪು ನಡೆಸುವ ಕಾಯಕ ಬಂಧುಗಳ ಹೆಗಲಿಗೆ. ಅವರಲ್ಲಿ ಹಲವರಿಗೆ ಕಂಪ್ಯೂಟರ್ ತರಗತಿಯ ಮುಖವೇ ಗೊತ್ತಿರಲಿಲ್ಲ.

ಕಾಡಿನೊಳಗೂ ಇದೇ ಕತೆ. ಸುಮಾರು 1,300 ಚದರ ಕಿಲೋಮೀಟರ್ ಹರಡಿರುವ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ 2007ರಲ್ಲಿ ಘೋಷಣೆಯಾಗಿ, 2015ರಿಂದ ಕಾಳಿ ಹೆಸರಿನಲ್ಲಿದೆ. ದೇಶದ ಹುಲಿ ಕಾಡುಗಳಲ್ಲಿ ಗಸ್ತಿಗಾಗಿ 2010ರಲ್ಲಿ ಶುರುವಾದ ಎಂ-ಸ್ಟ್ರೈಪ್ಸ್ ವ್ಯವಸ್ಥೆಯನ್ನು 2018ರ ಹುಲಿ ಗಣತಿಯಲ್ಲಿ ಮೊಬೈಲ್ ಆ್ಯಪ್ ಆಗಿ ವ್ಯಾಪಕವಾಗಿ ಬಳಸಲಾಯಿತು. ಹೆಜ್ಜೆಗುರುತು, ಹಿಕ್ಕೆ, ಮರದ ಮೇಲಿನ ಉಗುರುಗೀರು ಕಂಡಲ್ಲಿ ನಿಂತು ಅರಣ್ಯ ರಕ್ಷಕ ಪರದೆ ತಟ್ಟುತ್ತಾನೆ. ಸ್ಥಳ, ಹೊತ್ತು, ಚಿತ್ರ ಒಟ್ಟಿಗೆ ದಾಖಲಾಗುತ್ತವೆ. ಹೆಜ್ಜೆ ಓದುವ ಹಳೆಯ ವಿದ್ಯೆಯ ಜೊತೆಗೆ ಪರದೆ ನಡೆಸುವ ಹೊಸ ವಿದ್ಯೆಯೂ ಅವನ ನೌಕರಿಯ ಭಾಗವಾಯಿತು.

ಇಷ್ಟು ಬೆರಳುಗಳು ಇಷ್ಟು ಬೇಗ ಪಳಗಿದ್ದು ಸಣ್ಣ ಸಾಧನೆಯಲ್ಲ. ಆದರೆ ಈ ಪಳಗಿಕೆ ಮೊಬೈಲಿನ ಅಂಚಿಗೇ ನಿಂತುಬಿಡುತ್ತದೆ. ಅದೇ ಮನುಷ್ಯನ ಮುಂದೆ ಲ್ಯಾಪ್‌ಟಾಪ್ ಇಟ್ಟರೆ ಕೈ ಹಿಂಜರಿಯುತ್ತದೆ. ಬೆರಳಿಗೆ ಬಂದಿರುವ ವಿದ್ಯೆಯಿಂದಲೇ ಕಂಪ್ಯೂಟರ್ ಪಾಠವನ್ನು ಆರಂಭಿಸಬೇಕು, ಆ ಪಾಠ ಊರಿನ ಸಾರ್ವಜನಿಕ ಜಾಗದಲ್ಲಿ ಕನ್ನಡದಲ್ಲಿ ನಡೆಯಬೇಕು ಎಂಬುದೇ ಈ ಉಪನ್ಯಾಸದ ವಾದ.

ತಾಲೂಕು ಕಚೇರಿಯ ಪರದೆ, ಬೆಂಗಳೂರಿನ ಸಿಂಪ್ಯೂಟರ್

ಬೆರಳಿನಿಂದ ಕಂಪ್ಯೂಟರ್ ನಡೆಸುವುದು ಕರ್ನಾಟಕಕ್ಕೆ ತೀರಾ ಹೊಸ ಪ್ರಯೋಗವಲ್ಲ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಜಮೀನು ದಾಖಲೆಗಳು ಕಂಪ್ಯೂಟರ್ ಸೇರಿದವು. ಊರೂರಿನ ತಲಾಠಿಯ ಬಳಿ ಇದ್ದ ಕೈಬರಹದ ಪಹಣಿ, ಈ ಕಡೆಯ ಮಾತಿನಲ್ಲಿ ಉತಾರ, 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಅಚ್ಚಾಗಿ ಬರತೊಡಗಿತು. ದಾಂಡೇಲಿಯವರು ಆಗ ಹಳಿಯಾಳ ತಾಲೂಕಿನವರೇ. ಅವರದು ಸ್ವತಂತ್ರ ತಾಲೂಕಾದದ್ದು ಬಹಳ ವರ್ಷಗಳ ಮೇಲೆ.

ಭೂಮಿ ಕೇಂದ್ರಗಳ ವಿನ್ಯಾಸದಲ್ಲಿ ಎರಡು ಸಂಗತಿಗಳು ಗಮನಿಸುವಂತಿದ್ದವು. ಸಿಬ್ಬಂದಿ ಏನು ಟೈಪ್ ಮಾಡುತ್ತಿದ್ದಾರೆಂದು ರೈತನಿಗೂ ಕಾಣಲೆಂದು ಅವನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ ಇಡಲಾಯಿತು. ಕೆಲವು ತಾಲೂಕು ಕಚೇರಿಗಳಲ್ಲಿ ಪ್ರಯೋಗಾರ್ಥವಾಗಿ ಟಚ್ ಸ್ಕ್ರೀನ್ ಕಿಯೋಸ್ಕ್‌ಗಳನ್ನೂ ನಿಲ್ಲಿಸಲಾಯಿತು. ಯಾರನ್ನೂ ಕೇಳದೆ, ಬೆರಳಿನಿಂದ ಅಂಕಿ ಒತ್ತಿ, ರೈತ ತನ್ನ ಜಮೀನಿನ ವಿವರವನ್ನು ಕನ್ನಡದಲ್ಲಿ ತಾನೇ ನೋಡಬಹುದಿತ್ತು. ಐಫೋನ್ ಬರುವುದಕ್ಕೂ ಕೆಲವು ವರ್ಷ ಮೊದಲಿನ ಮಾತಿದು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಓದು ಬಾರದವರೂ ಬಳಸಬಹುದಾದ ಅಗ್ಗದ ಕೈಗಣಕ ಮಾಡಲು ಹೊರಟರು. 2001ರಲ್ಲಿ ಮಾದರಿ ಸಿದ್ಧವಾಯಿತು. ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ದನಿ, ಹಲವರು ಒಂದೇ ಯಂತ್ರ ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್ ಎಲ್ಲವೂ ಅದರಲ್ಲಿದ್ದವು. 2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಚಲನೆ ಗುರುತಿಸುವ ಸಂವೇದಕವೂ ಇತ್ತು: ಯಂತ್ರವನ್ನು ಕೈಯಲ್ಲೇ ಓಲಿಸಿದರೆ ಪುಟ ಮಗುಚುತ್ತಿತ್ತು. ಜಮೀನು ದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಇದನ್ನು ಬಳಸಿಕೊಂಡಿತು. ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಆರಂಭ. ಅಂದಿನ ಹಳ್ಳಿಗೆ ಅದು ಹಗುರವಾದ ಬೆಲೆಯಲ್ಲ, ಮಾರಾಟ ಏಳಲಿಲ್ಲ. ಆದರೂ ಕೈಯ ಚಲನೆಯೇ ಕಂಪ್ಯೂಟರಿಗೆ ಆಜ್ಞೆಯಾಗಬಹುದೆಂಬುದನ್ನು, ಓದು ಬಾರದವರ ಅಗತ್ಯವನ್ನು ಎದುರಿಗಿಟ್ಟುಕೊಂಡೇ, ಅವರು ತೋರಿಸಿಕೊಟ್ಟರು.

ಯಾರ ಬೆರಳು ಮೊದಲು?

ಜಗತ್ತಿನ ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನ ಮಾಲ್ವರ್ನ್‌ನ ರಾಡಾರ್ ಸಂಶೋಧನಾಲಯದ ಇ.ಎ. ಜಾನ್ಸನ್ 1965ರಲ್ಲಿ ಸ್ಪರ್ಶ ಪರದೆಯ ವಿವರ ಪ್ರಕಟಿಸಿದರು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಬೆಂಟ್ ಸ್ಟುಂಪೆ 1972ರಲ್ಲಿ ಹದಿನಾರು ಗುಂಡಿಗಳ ಪಾರದರ್ಶಕ ಪರದೆಯ ಯೋಚನೆ ಮುಂದಿಟ್ಟರು. ದೊಡ್ಡ ಕಣವೇಗವರ್ಧಕದ ನಿಯಂತ್ರಣ ಕೊಠಡಿಯಲ್ಲಿ ಸಾವಿರಾರು ಸ್ವಿಚ್ಚುಗಳ ಜಾಗವನ್ನು ಇಂಥ ಕೆಲವೇ ಪರದೆಗಳು ತುಂಬಿದವು. ಅದೇ 1972ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ಪರದೆ ಮುಟ್ಟಿಯೇ ಪಾಠದ ಪ್ರಶ್ನೆಗಳಿಗೆ ಉತ್ತರ ಕೊಡಬಹುದಾಗಿತ್ತು.

ಇವೆಲ್ಲ ಒಂದೇ ಬೆರಳಿನ ಪರದೆಗಳು. ಹಲವು ಬೆರಳುಗಳನ್ನು ಒಟ್ಟಿಗೆ ಗುರುತಿಸುವ ಯಂತ್ರವನ್ನು 1982ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಮೀಶ್ ಮೆಹ್ತಾ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಟ್ಟಿದರು. ಮಸುಕು ಗಾಜಿನ ಹಿಂದೆ ಕ್ಯಾಮೆರಾ. ಬೆರಳು ಒತ್ತಿದ ಕಡೆಯೆಲ್ಲ ಕಪ್ಪು ಚುಕ್ಕೆ. ಆ ಚುಕ್ಕೆಗಳ ಚಲನೆಯನ್ನು ಕಂಪ್ಯೂಟರ್ ಓದುತ್ತಿತ್ತು.

ಮುಂದಿನ ದೊಡ್ಡ ಹೆಜ್ಜೆ ಬಂದದ್ದು ಕೈನೋವಿನಿಂದ. ಡೆಲವೇರ್ ವಿಶ್ವವಿದ್ಯಾಲಯದ ವೇಯ್ನ್ ವೆಸ್ಟರ್‌ಮನ್‌ಗೆ ಟೈಪ್ ಮಾಡಿ ಮಾಡಿ ಕೈಯ ಸ್ನಾಯುಗಳು ನೋಯುತ್ತಿದ್ದವು. ಒತ್ತದೆ, ಬರೀ ಸವರಿ ಕೆಲಸ ಮಾಡುವ ಫಲಕವೊಂದು ಬೇಕೆಂದು ಪ್ರಾಧ್ಯಾಪಕ ಜಾನ್ ಇಲಿಯಾಸ್ ಜೊತೆ ಸೇರಿ 1998ರಲ್ಲಿ ಫಿಂಗರ್‌ವರ್ಕ್ಸ್ ಎಂಬ ಕಂಪನಿ ಕಟ್ಟಿದರು. 2005ರಲ್ಲಿ ಅದನ್ನು ಆ್ಯಪಲ್ ಕೊಂಡಿತು. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ವೇದಿಕೆಯಲ್ಲಿ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ತೋರಿಸಿದಾಗ ಸಭೆ ಬೆರಗಾಯಿತು. ಇಂದು ಹಳಿಯಾಳದ ಸಂತೆಯಲ್ಲಿ ಮದುವೆಯ ಫೋಟೊ ಹಿಗ್ಗಿಸಿ ನೆಂಟರ ಮುಖ ಹುಡುಕುವ ಅಜ್ಜಿಯ ಬೆರಳೂ ಮಾಡುವುದು ಅದನ್ನೇ.

ಗಾಜಿಗೆ ಬೆರಳು ತಿಳಿಯುವುದು ಹೇಗೆ

ಮೊಬೈಲಿನ ಗಾಜಿನಡಿ ಇಂಡಿಯಂ ಟಿನ್ ಆಕ್ಸೈಡ್‌ನಂಥ, ಕಣ್ಣಿಗೆ ಕಾಣದ ವಾಹಕ ಗೆರೆಗಳ ಬಲೆ ಇರುತ್ತದೆ: ಕೆಲವು ಅಡ್ಡಕ್ಕೆ, ಕೆಲವು ಉದ್ದಕ್ಕೆ. ಅವು ಒಂದನ್ನೊಂದು ದಾಟುವಲ್ಲಿ ಸ್ವಲ್ಪ ವಿದ್ಯುದಾವೇಶ ಸಂಗ್ರಹವಾಗಿರುತ್ತದೆ. ಮನುಷ್ಯನ ಮೈಯೂ ವಿದ್ಯುತ್ ವಾಹಕವೇ ಆದ್ದರಿಂದ ಬೆರಳು ಹತ್ತಿರ ಬಂದಾಗ ಆ ಸಂಗ್ರಹದಲ್ಲಿ ಬದಲಾವಣೆ ಆಗುತ್ತದೆ. ಒಂದು ಸಣ್ಣ ಚಿಪ್ ಸೆಕೆಂಡಿಗೆ ಅರವತ್ತು, ನೂರಿಪ್ಪತ್ತು ಸಲ ಇಡೀ ಬಲೆಯನ್ನು ಅಳೆದು, ಬದಲಾವಣೆ ಎಲ್ಲೆಲ್ಲಿ ಆಯಿತು, ಯಾವ ದಿಕ್ಕಿಗೆ ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಒಂದು ಜಾಗ ಕ್ಷಣ ಬದಲಾಗಿ ಮರಳಿದರೆ ತಟ್ಟು. ಅಲ್ಲೇ ನಿಂತರೆ ಒತ್ತಿ ಹಿಡಿದದ್ದು. ಸಾಲಾಗಿ ಸರಿದರೆ ಸ್ವೈಪ್. ಎರಡು ಜಾಗಗಳ ನಡುವಿನ ಅಂತರ ಹೆಚ್ಚಿದರೆ ಜೂಮ್.

ಈ ತಿಳಿವಳಿಕೆ ಮಲೆನಾಡಿನವರಿಗೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಕ್ಯಾಸಲ್‌ರಾಕ್, ಅಣಶಿ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡದು. ನೀರೂ ವಿದ್ಯುತ್ ಕ್ಷೇತ್ರವನ್ನು ಕದಡುತ್ತದೆ. ಗಾಜಿನ ಮೇಲಿನ ಹನಿಯನ್ನು ಪರದೆ ಬೆರಳೆಂದು ತಿಳಿದು ತಾನಾಗಿ ಏನನ್ನೋ ತೆರೆಯುತ್ತದೆ, ನಿಜವಾದ ಬೆರಳನ್ನು ಗುರುತಿಸದೆ ಬಿಡುತ್ತದೆ. ಆಗ ಮೊಬೈಲ್ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಒಣ ಬಟ್ಟೆಯಲ್ಲಿ ಗಾಜನ್ನೂ ಬೆರಳನ್ನೂ ಒರೆಸಿಕೊಂಡರೆ ಸಾಕು.

ದುಡಿದ ಕೈಗಳ ಕಷ್ಟ ಇನ್ನೊಂದು ಬಗೆ. ಕಬ್ಬು ಕಡಿದು, ಕಲ್ಲು ಹೊತ್ತು, ಕಟ್ಟಿಗೆ ಸೀಳಿ ದಡ್ಡುಗಟ್ಟಿದ ಬೆರಳ ತುದಿಯಲ್ಲಿ ಒಣ ಚರ್ಮ ದಪ್ಪವಾಗಿರುತ್ತದೆ. ಗಾಜಿಗೂ ಜೀವಂತ ಚರ್ಮಕ್ಕೂ ನಡುವೆ ಅದೊಂದು ಗೋಡೆ. ಸಂಕೇತ ದುರ್ಬಲವಾಗಿ ಪರದೆ ಕೇಳಿಸಿಕೊಳ್ಳುವುದಿಲ್ಲ. ಅಂಥವರು ಇನ್ನಷ್ಟು ಬಲವಾಗಿ ಒತ್ತುತ್ತಾರೆ. ಬಲದಿಂದ ಪ್ರಯೋಜನವಿಲ್ಲ, ಏಕೆಂದರೆ ಈ ಪರದೆ ಒತ್ತಡವನ್ನು ಅಳೆಯುವುದೇ ಇಲ್ಲ. ಬೆರಳ ತುದಿಯ ಬದಲು ಬೆರಳಿನ ಮೆದು ಭಾಗವನ್ನು ಚಪ್ಪಟೆಯಾಗಿ ತಾಗಿಸಬೇಕು, ಬೆರಳನ್ನು ತುಸು ತೇವ ಮಾಡಿಕೊಳ್ಳಬೇಕು. ಇಷ್ಟು ಹೇಳಿಕೊಡುವವರಿಲ್ಲದೆ ಎಷ್ಟೋ ಜನ ‘ನಮಗಿದು ಬರೂದಿಲ್ಲ’ ಎಂದು ಫೋನನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಬರದೇ ಇರುವುದು ಅವರಿಗಲ್ಲ, ಗಾಜಿಗೆ.

ಬಚ್ಚಿಟ್ಟ ಸಂಜ್ಞೆಗಳು

ಟಚ್ ಸ್ಕ್ರೀನ್ ಸಹಜವಾದದ್ದು, ಯಾರೂ ಕಲಿಸಬೇಕಾಗಿಲ್ಲ ಎಂಬ ಮಾತು ಜಾಹೀರಾತುಗಳಿಂದ ಹರಡಿದೆ. ತಟ್ಟುವುದು ಸಹಜವಿರಬಹುದು. ಮೂರು ಬೆರಳು ಸೇರಿಸಿ ಮೇಲಕ್ಕೆ ಸರಿಸುವುದು ಯಾವ ಮಗುವಿಗೂ ಹುಟ್ಟಿನಿಂದ ಬರುವುದಿಲ್ಲ. ಬಳಕೆದಾರರ ಕಷ್ಟಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಡಾನ್ ನಾರ್ಮನ್ ಮತ್ತು ಯಾಕೊಬ್ ನೀಲ್ಸನ್ 2010ರಲ್ಲಿಯೇ ಈ ಎಚ್ಚರಿಕೆ ಕೊಟ್ಟರು: ಗುಂಡಿ, ಮೆನುಗಳು ಕಣ್ಣಿಗೆ ಕಾಣುತ್ತವೆ, ಸಂಜ್ಞೆ ಕಾಣುವುದಿಲ್ಲ, ಕಾಣದ್ದನ್ನು ಹುಡುಕುವುದು ಕಷ್ಟ, ನೆನಪಿಡುವುದು ಇನ್ನೂ ಕಷ್ಟ.

ಎರಡೇ ವರ್ಷದಲ್ಲಿ ಅದಕ್ಕೆ ದೊಡ್ಡ ಉದಾಹರಣೆ ಸಿಕ್ಕಿತು. 2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8ರಲ್ಲಿ ಎಲ್ಲರಿಗೂ ಗೊತ್ತಿದ್ದ ಸ್ಟಾರ್ಟ್ ಗುಂಡಿಯೇ ಇರಲಿಲ್ಲ. ಪರದೆಯ ಬಲ ಅಂಚಿನಿಂದ ಒಳಕ್ಕೆ ಬೆರಳೆಳೆದರೆ ಒಂದು ಪಟ್ಟಿ, ಎಡ ಅಂಚಿನಿಂದ ಎಳೆದರೆ ಇನ್ನೊಂದು ಪ್ರೋಗ್ರಾಂ. ಅಂಚಿನಲ್ಲಿ ಯಾವ ಗುರುತೂ ಇಲ್ಲ. ವರ್ಷಗಳಿಂದ ಕಂಪ್ಯೂಟರ್ ಬಳಸಿದವರೂ ಯಂತ್ರ ಬಂದ್ ಮಾಡುವುದು ಹೇಗೆಂದು ಹುಡುಕಾಡಿದರು. ಮರುವರ್ಷ ವಿಂಡೋಸ್ 8.1ರಲ್ಲಿ ಗುಂಡಿ ಮರಳಿ ಬಂತು.

ಇಂದಿನ ಲ್ಯಾಪ್‌ಟಾಪ್‌ಗಳಲ್ಲೂ ಇಂಥ ಸಂಜ್ಞೆಗಳು ಬಹಳ. ವಿಂಡೋಸ್ 11ರಲ್ಲಿ ಮೂರು ಬೆರಳು ಮೇಲಕ್ಕೆ ಸರಿಸಿದರೆ ತೆರೆದಿಟ್ಟದ್ದೆಲ್ಲ ಒಟ್ಟಿಗೆ ಕಾಣುತ್ತದೆ, ಕೆಳಕ್ಕೆ ಸರಿಸಿದರೆ ಎಲ್ಲವೂ ಮರೆಯಾಗಿ ಡೆಸ್ಕ್‌ಟಾಪ್ ಬರುತ್ತದೆ. ಟಚ್‌ಪ್ಯಾಡ್ ಮೇಲೆ ಎರಡು ಬೆರಳಿನ ತಟ್ಟು ಮೌಸಿನ ಬಲಗುಂಡಿಗೆ ಸಮ. ಟಚ್ ಪರದೆಯಲ್ಲಾದರೆ ಅದೇ ಕೆಲಸಕ್ಕೆ ಒಂದು ಬೆರಳನ್ನು ಒತ್ತಿ ಹಿಡಿಯಬೇಕು. ಮೊಬೈಲ್ ಬಲ್ಲವನಿಗೆ ಇವುಗಳಲ್ಲಿ ಅರ್ಧ ಈಗಾಗಲೇ ಗೊತ್ತಿವೆ. ಮೊಬೈಲಿನಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಬಹುದೆಂದು ಯಾರಾದರೂ ಒಮ್ಮೆ ತೋರಿಸಬೇಕು. ಭತ್ತದ ಸಸಿ ನೆಡುವುದನ್ನು ಯಾರೂ ಓದಿ ಕಲಿಯುವುದಿಲ್ಲ, ಪಕ್ಕದಲ್ಲಿ ಬಗ್ಗಿದವರ ಕೈ ನೋಡಿ ಕಲಿಯುತ್ತಾರೆ. ಸಂಜ್ಞೆಗಳೂ ಹಾಗೆಯೇ ಕೈಯಿಂದ ಕೈಗೆ ದಾಟುತ್ತವೆ.

ಆ್ಯಪ್, ಜಾಲತಾಣ ಮಾಡುವವರ ಪಾಲಿಗೂ ಕರ್ತವ್ಯವಿದೆ. ಬೆರಳಿಗೆ ಗುಂಡಿ ಸುಮಾರು 9 ಮಿಲಿಮೀಟರ್ ಚೌಕದಷ್ಟಾದರೂ ಇರಬೇಕೆಂಬುದು ಈ ಉದ್ಯಮದಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಮೌಸಿನ ಬಾಣಕ್ಕೆಂದು ಬರೆದ ಎಷ್ಟೋ ಜಾಲತಾಣಗಳಲ್ಲಿ ಸಣ್ಣ ಲಿಂಕುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅರ್ಜಿಯಲ್ಲಿ ‘ಸಲ್ಲಿಸಿ’ ಒತ್ತಲು ಹೋದ ಬೆರಳು ‘ಅಳಿಸಿ’ ಒತ್ತಿದರೆ ತಪ್ಪು ಬೆರಳಿನದಲ್ಲ.

ಕನ್ನಡದ ಬೆರಳು, ಟಿಬೆಟನ್ ಬೆರಳು

ಸಂಜ್ಞೆಯ ಜೊತೆಗೆ ಬೆರಳಿಗೆ ತನ್ನ ಭಾಷೆಯೂ ಬೇಕು. ಮುಂಡಗೋಡದ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ. ದ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮರುಸ್ಥಾಪನೆಗೊಂಡವು. ಆ ಜನರ ಲಿಪಿಯೂ ಪರದೆಗೆ ಬಂತು: 2010ರ ಕೊನೆಗೆ ಬಂದ, ಐಫೋನ್ ನಡೆಸುವ ತಂತ್ರಾಂಶವಾದ ಐಒಎಸ್ 4.2ರಲ್ಲಿ ಟಿಬೆಟನ್ ಕೀಲಿಮಣೆ ದೊರೆಯಿತು. ಕೋಟಿಗಟ್ಟಲೆ ಜನರ ಕನ್ನಡಕ್ಕೆ ಅದೇ ಫೋನಿನಲ್ಲಿ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ. ಏಳು ವರ್ಷದ ಅಂತರ. ಜಗತ್ತಿನಾದ್ಯಂತ ಚದುರಿಹೋದ ಸಣ್ಣ ಸಮುದಾಯ ತನ್ನ ಲಿಪಿಯನ್ನು ಪರದೆಗೆ ತರಿಸಿಕೊಂಡ ಬಗೆ ಅಭಿಮಾನಪಡುವಂಥದು. ಅದರ ನೆರೆಯಲ್ಲೇ ಇರುವ ಕನ್ನಡಿಗರಿಗೆ ಪಾಠವಾಗಬೇಕಾದದ್ದು.

ಆಂಡ್ರಾಯ್ಡ್ ಬಳಸುವವರ ಪಾಲಿಗೆ ದಾರಿ ಬೇಗ ತೆರೆಯಿತು. 2015ರ ಏಪ್ರಿಲ್‌ನಲ್ಲಿ ಗೂಗಲ್ ಬಿಟ್ಟ ಕೈಬರಹದ ಆ್ಯಪ್ 82 ಭಾಷೆಗಳನ್ನು ಓದುತ್ತಿತ್ತು, ಅದರಲ್ಲಿ ಕನ್ನಡವೂ ಇತ್ತು. ಇದರ ಮಹತ್ವ ತಿಳಿಯಲು ‘ಸ್ತ್ರೀ’ ಎಂದು ಟೈಪ್ ಮಾಡಿ ನೋಡಬೇಕು. ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂದು ಆರು ಸಂಕೇತ. ಬೆರಳಿನಿಂದ ಗಾಜಿನ ಮೇಲೆ ಬರೆಯುವವರು ಅಕ್ಷರವನ್ನು ಹಾಗೆ ಬಿಡಿಸಬೇಕಿಲ್ಲ. ಶಾಲೆಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಹಾಗೆಯೇ ಬರೆದರಾಯಿತು. 2017ರಲ್ಲಿ ಕನ್ನಡ ದನಿಯನ್ನು ಅಕ್ಷರ ಮಾಡುವ ಸೌಲಭ್ಯವೂ ಸೇರಿತು. ಮನೆಯಲ್ಲಿ ಕೊಂಕಣಿ, ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಕುಣಬಿ, ಗೌಳಿ, ಸಿದ್ದಿ ಮಕ್ಕಳಿಗೆ ಇವೆರಡೂ ನೇರವಾದ ಬಾಗಿಲುಗಳು.

ಕಣ್ಣಿಲ್ಲದೆ ಓದುವ ಗಾಜು

ನುಣುಪಾದ ಗಾಜು ಅಂಧರಿಗೆ ಮುಚ್ಚಿದ ಬಾಗಿಲೆಂದು ಮೊದಲು ಎಲ್ಲರೂ ಭಾವಿಸಿದ್ದರು. ತಡವಿ ಗುರುತಿಸಲು ಅದರ ಮೇಲೆ ಗುಂಡಿಯೇ ಇಲ್ಲ. ಸಂಜ್ಞೆಗಳೇ ಆ ಕಷ್ಟವನ್ನು ಬಗೆಹರಿಸಿದವು. 2009ರ ಐಫೋನ್ 3ಜಿಎಸ್‌ನಲ್ಲಿ ವಾಯ್ಸ್‌ಓವರ್ ಬಂತು. 2011ರ ಆಂಡ್ರಾಯ್ಡ್ 4.0ರಲ್ಲಿ ಟಾಕ್‌ಬ್ಯಾಕ್‌ಗೆ ಮುಟ್ಟಿ ಅರಿಯುವ ಶಕ್ತಿ ಸೇರಿತು. ಬೆರಳು ಹರಿದಾಡಿದ ಕಡೆ ಏನಿದೆಯೆಂದು ಫೋನ್ ಓದಿ ಹೇಳುತ್ತದೆ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಪುಣೆಯಲ್ಲಿ ಬೆಳೆದು, ಹುಡುಗತನದಲ್ಲೇ ಕಣ್ಣು ಕಳೆದುಕೊಂಡ ವಿಜ್ಞಾನಿ ಟಿ.ವಿ. ರಾಮನ್ ಗೂಗಲ್‌ನಲ್ಲಿ ಈ ದಿಕ್ಕಿನ ಕೆಲಸಕ್ಕೆ ಮುಂದಾಳಾಗಿದ್ದರು. ಟಾಕ್‌ಬ್ಯಾಕ್ ಕನ್ನಡ ದನಿಯಲ್ಲಿಯೂ ಓದುತ್ತದೆ, ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ, ಹಣ ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದೊಂದು ಇದೆಯೆಂಬ ಸುದ್ದಿ ದೃಷ್ಟಿ ಮಂಜಾದ ಹಿರಿಯರಿರುವ ಪ್ರತಿ ಮನೆಗೂ ಮುಟ್ಟಬೇಕು.

ಮುಂದಿನ ಕೆಲಸ

ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿ ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. ಗ್ರಾಮ ಡಿಜಿ ವಿಕಸನ ಕಾರ್ಯಕ್ರಮದಡಿ ಹಲವಕ್ಕೆ ಆಂಡ್ರಾಯ್ಡ್ ಟಿವಿ, ಸ್ಮಾರ್ಟ್‌ಫೋನ್‌ಗಳು ಬಂದಿವೆ. ಜಾಗ ಇದೆ, ಮೇಲ್ವಿಚಾರಕರಿದ್ದಾರೆ, ಬೆರಳು ಪಳಗಿದ ಜನರಿದ್ದಾರೆ. ಬೇಕಾದದ್ದು ಪಾಠದ ಕ್ರಮ.

ಆ ಕ್ರಮ ಹೀಗಿರಬಹುದು. ಮೊದಲ ದಿನ ಟಚ್ ಪರದೆಯ ಲ್ಯಾಪ್‌ಟಾಪ್ ಇಟ್ಟು, ಮೊಬೈಲಿನಲ್ಲಿ ಬಲ್ಲ ನಾಲ್ಕನ್ನೇ ಮಾಡಿಸುವುದು: ತಟ್ಟು, ಒತ್ತಿ ಹಿಡಿ, ಸವರು, ಹಿಗ್ಗಿಸು. ತೆರೆಯುವುದು ಅವರದೇ ಉತಾರವಾಗಿರಲಿ, ಅವರೂರಿನ ನಕ್ಷೆಯಾಗಿರಲಿ. ಎರಡನೆಯ ದಿನ ಟಚ್‌ಪ್ಯಾಡ್: ಒಂದು ಬೆರಳಿನಿಂದ ಬಾಣ ಸರಿಸುವುದು, ಎರಡರಿಂದ ಪುಟ ಮೇಲೆ ಕೆಳಗೆ ಮಾಡುವುದು. ಮೂರನೆಯ ದಿನ ಮೂರು ಬೆರಳಿನ ಸಂಜ್ಞೆ, ಕೈಬರಹ, ದನಿ. ಕೀಲಿಮಣೆ ನಾಲ್ಕನೆಯ ದಿನ ಬರಲಿ, ಆದರೆ ಬಂದೇ ಬರಲಿ. ಉದ್ದನೆಯ ಅರ್ಜಿ, ಲೆಕ್ಕದ ಪಟ್ಟಿ, ಪ್ರಬಂಧಗಳಿಗೆ ಗಾಜು ಸಾಲದು. ನೆಟ್ಟಗೆ ನಿಂತ ಪರದೆಯನ್ನು ತೋಳು ಚಾಚಿ ಬಹಳ ಹೊತ್ತು ಮುಟ್ಟುತ್ತಿದ್ದರೆ ಭುಜ ಸೋಲುತ್ತದೆ. ಬೆರಳಿನ ಮಿತಿಯೂ ಪಾಠದ ಭಾಗವೇ.

ಸಂಜ್ಞೆಗಳ ಚಿತ್ರಪಟವೊಂದು ಕನ್ನಡದಲ್ಲಿ ಪ್ರತಿ ಅರಿವು ಕೇಂದ್ರದ ಗೋಡೆಗೆ ಬೇಕು. ಕಲಿಸುವವರಾಗಿ ಹಳಿಯಾಳದ ಕೆಎಲ್ಎಸ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಊರೂರಿಗೆ ಹೋಗಬಹುದು. ಸ್ವಉದ್ಯೋಗ ತರಬೇತಿಗೆ ಹೆಸರಾದ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಸಂಸ್ಥೆ ತನ್ನ ತರಬೇತಿಗಳಲ್ಲಿ ಒಂದು ದಿನವನ್ನು ಇದಕ್ಕೆ ಇಡಬಹುದು. ಮಳೆಗಾಲದಲ್ಲಿ ಹೊಲದ ಕೆಲಸ ಇರುವುದರಿಂದ ತರಗತಿಗಳನ್ನು ಭತ್ತದ ಕೊಯ್ಲು ಮುಗಿದ ಮೇಲೆ ಇಟ್ಟರೆ ಜನ ಬರುತ್ತಾರೆ. ಜೊಯಿಡಾದಲ್ಲಿ ನಡೆಯುವ ಗೆಡ್ಡೆ-ಗೆಣಸು ಮೇಳಕ್ಕೆ ಕುಣಬಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಮುಂದಿನ ಮೇಳದಲ್ಲಿ ಒಂದು ಮಳಿಗೆಯಲ್ಲಿ ಎರಡು ಟಚ್ ಲ್ಯಾಪ್‌ಟಾಪ್, ಕೊಂಕಣಿ-ಕನ್ನಡ ಎರಡೂ ಬಲ್ಲ ಇಬ್ಬರು ಕಲಿಸುವವರು, ಕೈ ಒರೆಸಿಕೊಳ್ಳಲು ಒಣ ಬಟ್ಟೆ ಇಟ್ಟು ಈ ಕೆಲಸ ಆರಂಭಿಸಬಹುದು. ಆ ಮಳಿಗೆಯ ಹೊಣೆಯನ್ನು ಈ ಸಭೆಯಲ್ಲಿರುವ ಸಂಸ್ಥೆಗಳು ಇಂದೇ ವಹಿಸಿಕೊಳ್ಳಲಿ ಎಂಬುದು ಉಪನ್ಯಾಸದ ಕೊನೆಯ ಕೋರಿಕೆ.